ಆಲೆಮನೆ ವಾಸನೆ ಬರುತ್ತಿದ್ದ ಕಾರು: ಒಂದು ಚಳಿಗಾಲದ ಪ್ರಕರಣ

ಇದು ನಡೆದದ್ದು ಅಮೆರಿಕದ ಮಿನ್ನೆಸೋಟದಲ್ಲಿ, ಮಿನಿಯಾಪೊಲಿಸ್ ನಗರದ ಹೊರವಲಯದಲ್ಲಿ. ಮಂಡ್ಯ ಕಡೆಯ ಗಂಡ, ಹೆಂಡತಿ, ಐದು ವರ್ಷದ ಮಗ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. ಹೆಸರು, ಕೆಲಸ, ಕಾರಿನ ಕಂಪನಿ ಬಿಟ್ಟಿದ್ದೇನೆ. ಒಂದೆರಡು ವಿವರ ಬೇಕೆಂದೇ ಬದಲಿಸಿದ್ದೇನೆ. ನಾನು ಇಲ್ಲಿ ದೂರ ನಿಂತು ನೋಡಿದವನಲ್ಲ. ಫೋನಿನಲ್ಲೇ ಅರ್ಧಂಬರ್ಧ ಸಲಹೆ ಕೊಟ್ಟು ಅವರ ಒಂದೂವರೆ ತಿಂಗಳು ಹಾಳು ಮಾಡಿದವನು ನಾನೇ.

ಕಾರು ಬಂದದ್ದು ಹೀಗೆ

ಅವರು ಬೆಂಗಳೂರಿನಿಂದ ಇಲ್ಲಿಗೆ ಬಂದದ್ದು ಜುಲೈನಲ್ಲಿ. ಆಗಸ್ಟಿನಲ್ಲಿ ಹತ್ತು ವರ್ಷ ಹಳೆಯ ಕಾರೊಂದನ್ನು ಕೊಂಡರು. ಅದು ಅಲ್ಲಿಯವರೆಗೂ ಟೆಕ್ಸಸ್‌ನಲ್ಲಿ ಓಡಿತ್ತು. ಚಳಿಗಾಲದಲ್ಲಿ ಹಿಮ ಕರಗಿಸಲು ಉಪ್ಪು ಸುರಿಯದ ರಸ್ತೆಯ ಕಾರು, ಕೆಳಗಡೆ ತುಕ್ಕೇ ಇಲ್ಲ ಅಂತ ಖುಷಿಪಟ್ಟೆವು. ಕೊಳ್ಳುವಾಗ ನಾನೂ ಜೊತೆಗಿದ್ದೆ. ಟೈರ್ ನೋಡಿದೆವು, ಬ್ರೇಕ್ ನೋಡಿದೆವು, ಎಸಿ ಹಾಕಿ ನೋಡಿದೆವು. ಹೊರಗೆ 32 ಡಿಗ್ರಿ ಸೆಕೆ. ಅಂಥ ದಿನ ಹೀಟರ್ ಹಾಕಿ ನೋಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಇಲ್ಲಿ ಜನವರಿಯ ರಾತ್ರಿ ಮೈನಸ್ 20 ಸೆಲ್ಸಿಯಸ್ ಆದರೆ ಅದು ಸುದ್ದಿಯೇ ಅಲ್ಲ. ಬಯಲಲ್ಲಿ ನಿಲ್ಲಿಸಿದ ಕಾರಿನ ಮುಂದಿನ ಗಾಜು ಬೆಳಗಾಗುವಷ್ಟರಲ್ಲಿ ಬಿಳಿ ಹಲಗೆಯಾಗಿರುತ್ತದೆ. ಡ್ರೈವರ್ ಕಣ್ಣೆದುರು ಒಂದು ರೊಟ್ಟಿಯಗಲ ಮಾತ್ರ ಕೆರೆದುಕೊಂಡು ಹೊರಡುವ ಮಹಾನುಭಾವರು ಇಲ್ಲೂ ಇದ್ದಾರೆ. ರಾಜ್ಯದ ಕಾಯ್ದೆ 169.71ರ ಪ್ರಕಾರ ಅದು ತಪ್ಪು. ಮುಂದಿನ ಗಾಜು, ಮುಂಬಾಗಿಲ ಗಾಜುಗಳ ಮೇಲೆ ಆವಿಯೋ ಹಿಮವೋ ಕಟ್ಟಿ ಸರಿಯಾಗಿ ಕಾಣದಿದ್ದರೆ ಗಾಡಿ ಓಡಿಸುವಂತಿಲ್ಲ.

ನವೆಂಬರ್: ಹೊರಗಿನ ಪಾಠ

ಹೊರಗಿನ ಪಾಠವನ್ನು ಅವರು ಬೇಗ ಕಲಿತರು. ಮೊದಲ ಹಿಮ ಬಿದ್ದ ದಿನ ಗಾಜು ತೊಳೆಯುವ ವಾಷರ್ ಒತ್ತಿದರೆ ಮೋಟಾರು ಗುಂಯ್ ಅಂದಿತು, ಗಾಜಿನ ಮೇಲೆ ಒಂದು ಹನಿಯೂ ಬೀಳಲಿಲ್ಲ. ಬೇಸಿಗೆಯಲ್ಲಿ ಟ್ಯಾಂಕಿಗೆ ನಲ್ಲಿ ನೀರು ತುಂಬಿಸಿದ್ದರು. ನಮ್ಮೂರಲ್ಲಿ ಎಲ್ಲರೂ ಮಾಡುವುದೇ ಅದು, ಅಲ್ವಾ? ಇಲ್ಲಿ ಅದು ಐಸ್ ಆಗಿ ಕೂತಿತ್ತು. ನಮ್ಮ ಮನೆಯ ಬಿಸಿ ಗ್ಯಾರೇಜಿನಲ್ಲಿ ಒಂದು ರಾತ್ರಿ ನಿಲ್ಲಿಸಿ ಕರಗಿಸಿದೆವು. ಆ ನೀರು ಖಾಲಿ ಮಾಡಿ, ಮೈನಸ್ 20 ಫ್ಯಾರನ್‌ಹೀಟ್ ಅಂತ ಬರೆದ ನೀಲಿ ವಾಷರ್ ದ್ರವ ತುಂಬಿಸಿದೆವು. ಅಂದರೆ ಸುಮಾರು ಮೈನಸ್ 29 ಸೆಲ್ಸಿಯಸ್‌ವರೆಗೆ ಗಟ್ಟಿಯಾಗದ ದ್ರವ. ಅದರಲ್ಲಿರುವುದು ಮೆಥನಾಲ್. ಗಾಳಿಗೆ ಅದು ಬೇಗ ಆರಿಹೋಗುತ್ತದೆ, ನೀರು ಮಾತ್ರ ಉಳಿಯುತ್ತದೆ. ಅದಕ್ಕೇ ಗಾಜು ಬಿಸಿಯಾಗುವ ಮುಂಚೆ ಹೆದ್ದಾರಿಯಲ್ಲಿ ಚಿಮುಕಿಸಿದರೆ ಕಣ್ಣೆದುರೇ ಐಸ್ ಪದರ ಕಟ್ಟಬಹುದು.

ಬಿಸಿನೀರು ಸುರಿದರೆ ಬೇಗ ಆಗಲ್ವಾ ಅಂತ ಕೇಳಿದರು. ಬೇಡ ಅಂದೆ. ಗಾಜಿನಲ್ಲಿ ಕಲ್ಲು ತಾಗಿದ ಒಂದು ಚುಕ್ಕೆ ಇದ್ದರೆ ಸಾಕು, ಅಲ್ಲಿಂದ ಗೆರೆ ಓಡುತ್ತದೆ. ಚಾವಣಿಯ ಹಿಮವನ್ನೂ ತಳ್ಳಿ ಅಂದೆ. ಇಲ್ಲದಿದ್ದರೆ ಮೊದಲ ಬ್ರೇಕಿಗೇ ಅಷ್ಟೂ ಜಾರಿ ಮುಂದಿನ ಗಾಜಿಗೆ ಬರುತ್ತದೆ. ಇವೆಲ್ಲ ಸುಲಭ. ಕಣ್ಣಿಗೆ ಕಾಣುವ ತೊಂದರೆಗಳು.

ಡಿಸೆಂಬರ್: ಒಳಗಿನ ಮಬ್ಬು

ಡಿಸೆಂಬರ್ ಎರಡನೇ ವಾರ ಗಂಡನ ಫೋನ್ ಬಂತು. "ಅಣ್ಣಾ, ಹೊರಗೆಲ್ಲ ಕೆರೆದು ಕ್ಲೀನ್ ಮಾಡ್ತೀನಿ. ಆದ್ರೂ ಹತ್ತು ನಿಮಿಷಕ್ಕೆ ಗ್ಲಾಸ್ ಮಬ್ಬಾಗತ್ತೆ, ಒಳಗಡೆಯಿಂದ."

ನಾನು ಕೇಳಿದ್ದು ಒಂದೇ ಪ್ರಶ್ನೆ: ರೀಸರ್ಕ್ಯುಲೇಷನ್ ಬಟನ್ ಆನ್ ಇದೆಯಾ? ಕಾರಿನೊಳಗೆ ಬಾಣ ಸುತ್ತು ಹೊಡೆಯುವ ಚಿತ್ರದ ಬಟನ್. ಇತ್ತು. ಬೆಂಗಳೂರಿನಲ್ಲಿ ಓಡಿಸಿದವರ ಅಭ್ಯಾಸ ಅದು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಹೊಗೆ ಒಳಗೆ ಬಾರದಿರಲಿ ಅಂತ ಒತ್ತಿದ ಬಟನ್ ಕೈಗೆ ಅಂಟಿಬಿಡುತ್ತದೆ.

ಇಲ್ಲಿ ಅದು ತಿರುಗುಬಾಣ. ಒಳಗಿನ ಗಾಳಿ ಅಲ್ಲೇ ಸುತ್ತುತ್ತದೆ. ಮೂರು ಜನರ ಉಸಿರು, ಬೂಟಿನಿಂದ ಕರಗಿದ ಹಿಮ ಎಲ್ಲ ಅದರಲ್ಲೇ ಸೇರಿ ತಣ್ಣಗಿನ ಗಾಜಿಗೆ ಕೂರುತ್ತದೆ. ಹೊರಗಿನ ಗಾಳಿ ಕೊರೆಯುವಂತಿದ್ದರೂ ಒಣಗಾಳಿ. 20 ಡಿಗ್ರಿ ಬೆಚ್ಚಗಿನ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿ ಹಿಡಿಯಬಲ್ಲದು. ಮೈನಸ್ 20ರ ಗಾಳಿಯಲ್ಲಿ ಹಿಡಿಯುವುದು ಸುಮಾರು ಒಂದೇ ಗ್ರಾಂ. ಆ ಗಾಳಿಯನ್ನು ಒಳಗೆ ತಂದು ಬಿಸಿ ಮಾಡಿ ಗಾಜಿಗೆ ಊದಿದರೆ ಅದು ಒಣ ಬಟ್ಟೆಯ ಹಾಗೆ ತೇವ ಹೀರುತ್ತದೆ.

ಇನ್ನೊಂದು ಮಾತು, ನಗಬೇಡಿ. ಮೊದಲ ವಾರವಿಡೀ ಅವರು ಒತ್ತುತ್ತಿದ್ದದ್ದು ಹಿಂದಿನ ಗಾಜಿನ ಬಟನ್. ಚೌಕದ ಚಿತ್ರ ಇರುವುದು ಹಿಂದಿನದು, ಬೀಸಣಿಗೆಯ ಆಕಾರದ್ದು ಮುಂದಿನದು. ಹೊಸದಾಗಿ ಬಂದವರಲ್ಲಿ ಇದು ಬಹಳ ಕಾಮನ್.

ಎರಡೂ ಸರಿಪಡಿಸಿದ ಮೇಲೆ "ಸೂಪರ್ ಅಣ್ಣಾ, ಎಷ್ಟೋ ವಾಸಿ" ಅಂದರು. ನಾನು ಮೀಸೆ ತಿರುವಿಕೊಂಡು ಸುಮ್ಮನಾದೆ. ನಾನು ಎಡವಿದ್ದು ಇಲ್ಲೇ. "ಎಷ್ಟೋ ವಾಸಿ" ಅಂದರೆ ಪೂರ್ತಿ ವಾಸಿ ಅಲ್ಲ. ಉಳಿದದ್ದು ಯಾಕೆ ಉಳಿಯಿತು ಅಂತ ನಾನು ಕೇಳಲಿಲ್ಲ. ಕಾರಿನಲ್ಲಿ ಇದ್ದದ್ದು ಎರಡು ಬೇರೆ ಬೇರೆ ತೊಂದರೆ. ಒಂದನ್ನು ಬಗೆಹರಿಸಿದ ಖುಷಿಯಲ್ಲಿ ಇನ್ನೊಂದು ಕಾಣಲಿಲ್ಲ.

ಆಮೇಲೆ ನಡೆದದ್ದು ಮನೆಮದ್ದಿನ ಕಾಲ. ಒದ್ದೆ ಮ್ಯಾಟುಗಳನ್ನು ಮನೆಯೊಳಗೆ ತಂದು ಒಣಗಿಸಿದರು, ಒಳ್ಳೆಯದೇ. ನ್ಯೂಸ್‌ಪೇಪರ್ ಉಂಡೆ ಮಾಡಿ ಗಾಜು ಉಜ್ಜಿದರು. ಯಾರೋ ಹೇಳಿದರು ಅಂತ ಶೇವಿಂಗ್ ಫೋಮ್ ಹಚ್ಚಿ ಒರೆಸಿದರು. ಊರಿನಿಂದ ಅಪ್ಪ ವಿಡಿಯೋ ಕಾಲಿನಲ್ಲಿ ಆಲೂಗಡ್ಡೆ ಹೋಳು ಉಜ್ಜಲು ಹೇಳಿದರು. ಅದನ್ನೂ ಮಾಡಿದರು. ಪ್ರತಿಯೊಂದೂ ಎರಡು ದಿನ ಕೆಲಸ ಮಾಡಿದಂತೆ ಕಾಣುತ್ತಿತ್ತು. ಮೂರನೇ ದಿನ ಮತ್ತೆ ಅದೇ ಪೊರೆ. ಒರೆಸಿದರೆ ಹೋಗುವ ಬದಲು ಬಳಿದುಕೊಳ್ಳುತ್ತಿತ್ತು. ರಾತ್ರಿ ಎದುರು ಗಾಡಿಯ ದೀಪಗಳ ಸುತ್ತ ಬಳೆಯಂಥ ಪ್ರಭೆ. "ನನಗೇ ಕಣ್ಣು ಟೆಸ್ಟ್ ಮಾಡಿಸಬೇಕೇನೋ ಅಂದ್ಕೊಂಡಿದ್ದೆ" ಅಂತ ಆಮೇಲೆ ಹೇಳಿದರು.

ಅಷ್ಟರಲ್ಲಿ ಇನ್ನೆರಡು ಸುಳಿವು ಸಿಕ್ಕಿದ್ದವು. ಸಿಗ್ನಲ್ಲಿನಲ್ಲಿ ನಿಂತಾಗ ಹೀಟರಿನಿಂದ ತಣ್ಣನೆ ಗಾಳಿ, ಓಡುವಾಗ ಬಿಸಿ ಗಾಳಿ. ಮಿನ್ನೆಸೋಟದ ಚಳಿಗೆ ಹಳೆ ಕಾರು ಸೋತಿದೆ ಅಂದುಕೊಂಡರು. ಎರಡನೆಯದು, ಹೆಂಡತಿ ಕೂರುವ ಕಡೆ ಕಾಲಿನ ಕೆಳಗಿನ ಕಾರ್ಪೆಟ್ ಒಣಗುತ್ತಲೇ ಇರಲಿಲ್ಲ. ಬೂಟಿನ ಹಿಮ ಅಂತ ತಪ್ಪು ಆಕೆಯ ತಲೆಗೆ ಬಂತು. "ನಾನು ಜಾಡಿಸಿಕೊಂಡೇ ಕೂರ್ತೀನಿ ಕಣ್ರೀ, ನಿಮ್ಮ ಕಡೆ ಯಾಕೆ ಒಣಗಿದೆ ಹಾಗಾದ್ರೆ?" ಅಂತ ಆಕೆ ಕೇಳಿದ್ದರು. ಒಳ್ಳೆಯ ಪ್ರಶ್ನೆ. ಉತ್ತರ ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ.

ಸಂಕ್ರಾಂತಿ, ಎಳ್ಳು-ಬೆಲ್ಲ

ಸಂಕ್ರಾಂತಿಗೆ ಇಲ್ಲಿನ ಕನ್ನಡದವರೆಲ್ಲ ಸೇರಿದ್ದೆವು. ಎಳ್ಳು-ಬೆಲ್ಲದ ಡಬ್ಬಿಗಳು, ಸಕ್ಕರೆ ಅಚ್ಚು, ಪೊಂಗಲ್ ಪಾತ್ರೆ ಎಲ್ಲ ಇದೇ ಕಾರಿನಲ್ಲಿ ಬಂದವು. ಅದಾಗಿ ಎರಡು ದಿನಕ್ಕೆ ಹೆಂಡತಿ ಹೇಳಿದರು, "ರೀ, ಕಾರಲ್ಲಿ ಆಲೆಮನೆ ವಾಸನೆ ಬರ್ತಿದೆ."

ಆಕೆಯ ತವರಿನ ಹೊಲದಂಚಿಗೆ ಆಲೆಮನೆ ಇತ್ತಂತೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಪಾಕಕ್ಕೆ ಬರುವಾಗ ಗಾಳಿಯಲ್ಲಿ ತೇಲುವ ಆ ಬೆಚ್ಚನೆ ಸಿಹಿ ಆಕೆಗೆ ಚೆನ್ನಾಗಿ ಗೊತ್ತು. ಗಂಡ ನಕ್ಕು, ಒಂದು ಡಬ್ಬಿ ಕಡಿಮೆ ಇದೆ, ಸೀಟಿನ ಕೆಳಗೆ ಎಲ್ಲೋ ಚೆಲ್ಲಿರಬೇಕು ಅಂದರು. ವ್ಯಾಕ್ಯೂಮ್ ಹೊಡೆದರು. ಕೊನೆಗೆ ಕನ್ನಡಿಗೆ ಮಲ್ಲಿಗೆ ಪರಿಮಳದ ಕಾರ್ಡ್ ನೇತುಹಾಕಿದರು. ಇಡೀ ಪ್ರಕರಣದಲ್ಲಿ ಕೈಯಾರೆ ಮಾಡಿಕೊಂಡ ಕೆಟ್ಟ ಕೆಲಸ ಇದೇ ಅಂತ ನನ್ನ ಲೆಕ್ಕ. ಕಾರು ತನ್ನ ಕಾಯಿಲೆ ತಾನೇ ಹೇಳುತ್ತಿತ್ತು, ನಾವು ಅದರ ಬಾಯಿ ಮುಚ್ಚಿಸಿದೆವು.

ಆಕೆ ಇನ್ನೂ ಒಂದು ಮಾತು ಹೇಳಿದ್ದರು. "ಹೀಟರ್ ಹಾಕಿದಾಗ ಮಾತ್ರ ಬರತ್ತೆ." ಚೆಲ್ಲಿದ ಬೆಲ್ಲ ಹೀಟರಿಗೆ ಕಾಯುತ್ತದೆಯೇ? ಈ ಮಾತು ನನ್ನ ಕಿವಿಗೆ ಬಿದ್ದದ್ದು ಮಾತ್ರ ಹತ್ತು ದಿನ ತಡವಾಗಿ.

ಹಳದಿ ಬಸ್ಸು

ಜನವರಿ ಕೊನೆಯ ವಾರ. ರಾತ್ರಿ ಮೈನಸ್ 24 ಆಗಿತ್ತು. ಬೆಳಗ್ಗೆ ಎಂಟರ ಹೊತ್ತು. ಇಲ್ಲಿ ಆ ದಿನಗಳಲ್ಲಿ ಸೂರ್ಯ ಹುಟ್ಟುವುದೇ ಏಳೂಮುಕ್ಕಾಲರ ಸುಮಾರಿಗೆ. ಎಂಟು ಗಂಟೆಗೆ ಅವನು ಇನ್ನೂ ರಸ್ತೆಯ ಮಟ್ಟದಲ್ಲೇ ಇರುತ್ತಾನೆ. ಗಂಡ ಕಾರು ಓಡಿಸುತ್ತಿದ್ದದ್ದೂ ಬಿಸಿಲಿಗೆ ಮುಖ ಮಾಡಿ. ತಿರುವು ದಾಟಿದ ಕೂಡಲೇ ಬೆಳಕು ನೇರ ಗಾಜಿಗೆ ಹೊಡೆಯಿತು. ಗಾಜಿನ ಪೊರೆ ಪೂರ್ತಿ ಹೊತ್ತಿಕೊಂಡು ಹಾಲಿನ ಹಾಗೆ ಬೆಳ್ಳಗಾಯಿತು.

ಮುಂದೆ ಸ್ಕೂಲ್ ಬಸ್ ನಿಂತಿತ್ತು. ಕೆಂಪು ದೀಪ ಮಿನುಗುತ್ತಿತ್ತು, ಸ್ಟಾಪ್ ಹಲಗೆ ಹೊರಗೆ ಚಾಚಿತ್ತು. ಇಲ್ಲಿ ಹಾಗೆ ನಿಂತ ಬಸ್ಸಿನಿಂದ ಕನಿಷ್ಠ 20 ಅಡಿ ದೂರದಲ್ಲಿ ನಿಲ್ಲಬೇಕು. ಇವರಿಗೆ ಕಂಡದ್ದು ಬಿಳಿಯೊಳಗೆ ಒಂದು ಕೆಂಪು ಕಲೆ, ಅಷ್ಟೇ. ಬ್ರೇಕ್ ತುಳಿದರು. ಕಾರು ಸ್ವಲ್ಪ ಜಾರಿ ನಿಂತಿತು. ಆ 20 ಅಡಿ ಉಳಿದಿರಲಿಲ್ಲ. ಬೆನ್ನಿಗೆ ನೀಲಿ ಬ್ಯಾಗ್ ಹಾಕಿಕೊಂಡ ಮಗುವೊಂದು ಬಾನೆಟ್ಟಿನ ಮುಂದೆಯೇ ದಾಟಿ ಹೋಯಿತು. ಅದು ಇವರ ಕಡೆ ತಿರುಗಿಯೂ ನೋಡಲಿಲ್ಲ. ಬಸ್ಸಿನ ಡ್ರೈವರಮ್ಮ ನೋಡಿದರು.

ಪಕ್ಕದ ಅಂಗಡಿಯ ಪಾರ್ಕಿಂಗ್‌ಗೆ ಕಾರು ಹಾಕಿ ನನಗೆ ಫೋನ್ ಮಾಡಿದಾಗ ಧ್ವನಿ ನಡುಗುತ್ತಿತ್ತು. ನಡೆದದ್ದೆಲ್ಲ ಹೇಳಿ, ಕೊನೆಗೆ ಅಂದರು, "ಅಣ್ಣಾ, ಇದು ಆವಿ ಅಲ್ಲ ಅನ್ಸತ್ತೆ. ಆವಿ ಆಗಿದ್ರೆ ಹೀಟರ್ ಹಾಕಿದ್ರೆ ಕಮ್ಮಿ ಆಗ್ಬೇಕಲ್ವಾ? ಇದು ಹಾಕಿದಷ್ಟೂ ಜಾಸ್ತಿ ಆಗತ್ತೆ."

ಇಡೀ ಪ್ರಕರಣ ಹೊರಳಿದ್ದು ಈ ಮಾತಿನಿಂದ. ಅಲ್ಲೇ ಇರಿ, ಓಡಿಸಬೇಡಿ ಅಂತ ಹೇಳಿ ಹೊರಟೆ.

ಬೆರಳಿನ ಪರೀಕ್ಷೆ

ಡ್ಯಾಶ್‌ಬೋರ್ಡಿನ ಮೇಲೆ ಗಾಳಿ ಬರುವ ಸಂದಿಯ ಹತ್ತಿರ, ಗಾಜಿನ ಕೆಳ ಅಂಚಿನಲ್ಲಿ ಪೊರೆ ದಪ್ಪಗಿತ್ತು. ಗ್ಲೌಸ್ ತೆಗೆದು ತೋರುಬೆರಳಿನಿಂದ ಎಳೆದೆ. ಬರೀ ಆವಿ ಆಗಿದ್ದರೆ ಗೆರೆ ತಿಳಿಯಾಗಿ ಮೂಡಿ, ತುದಿಯಲ್ಲಿ ಹನಿ ಇಳಿಯಬೇಕಿತ್ತು. ಐಸ್ ಆಗಿದ್ದರೆ ಉಗುರಿಗೆ ಪುಡಿ ಸಿಗಬೇಕಿತ್ತು. ಇಲ್ಲಿ ಬೆರಳು ಜಾರಿತು. ದಿನಾ ಒಗ್ಗರಣೆ ಹಾಕುವ ಒಲೆಯ ಪಕ್ಕದ ಕಿಟಕಿ ಗಾಜು ಮುಟ್ಟಿದ ಹಾಗೆ ಜಿಡ್ಡು. ಮೂಗಿಗೆ ಹಿಡಿದೆ. ಮಲ್ಲಿಗೆ ಕಾರ್ಡಿನ ಘಾಟಿನ ನಡುವೆಯೂ ಗೊತ್ತಾಯಿತು: ಸಿಹಿ.

ಹೆಂಡತಿ ಕೂರುವ ಕಡೆ ಕಾರ್ಪೆಟ್ಟಿಗೆ ಬಿಳಿ ಟಿಶ್ಯೂ ಒತ್ತಿ ಎತ್ತಿದೆ. ತಿಳಿ ಹಸಿರು. ಹಿಮ ಹಸಿರಾಗಿ ಕರಗುವುದಿಲ್ಲವಲ್ಲ. ಬಾನೆಟ್ ಎತ್ತಿ ಕೂಲೆಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವದ ಡಬ್ಬಿ ನೋಡಿದೆವು. ಕನಿಷ್ಠ ಗೆರೆಗಿಂತ ಎಷ್ಟೋ ಕೆಳಗಿತ್ತು. ಹೊರಗಿನಿಂದಲೇ ಕಾಣುವ ಡಬ್ಬಿ ಅದು, ಮುಚ್ಚಳ ತೆಗೆಯಬೇಕಾಗಿಯೂ ಇಲ್ಲ. ಇಂಜಿನ್ ಬಿಸಿ ಇರುವಾಗ ತೆಗೆಯಲೂಬಾರದು, ಕುದಿಯುವ ದ್ರವ ಮುಖಕ್ಕೆ ಎಗರುತ್ತದೆ.

ಆಗಿದ್ದು ಇಷ್ಟು. ಇಂಜಿನ್ನಿನ ಬಿಸಿ ಕೂಲೆಂಟ್ ಡ್ಯಾಶ್‌ಬೋರ್ಡಿನ ಹಿಂದೆ ಇರುವ ಒಂದು ಪುಟ್ಟ ರೇಡಿಯೇಟರಿಗೂ ಹರಿಯುತ್ತದೆ. ಅದಕ್ಕೆ ಹೀಟರ್ ಕೋರ್ ಅನ್ನುತ್ತಾರೆ. ಫ್ಯಾನ್ ಅದರ ಮೂಲಕ ಗಾಳಿ ಊದಿದಾಗ ನಮಗೆ ಸಿಗುವುದೇ ಬಿಸಿ ಗಾಳಿ. ಆ ಕೋರ್ ತೂತಾಗಿತ್ತು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಣ್ಣ ತುಂತುರಾಗಿ ಗಾಳಿಯ ಜೊತೆ ಬಂದು ಗಾಜಿಗೆ ಅಂಟುತ್ತಿತ್ತು. ಅದು ಆವಿಯ ಹಾಗೆ ಆರುವುದಿಲ್ಲ. ಮೇಲಾಗಿ ತೇವವನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ಹೀಟರ್ ಹಾಕಿದಷ್ಟೂ ಪೊರೆ. ಕೂಲೆಂಟ್ ಕಡಿಮೆಯಾಗಿ, ಇಂಜಿನ್ ನಿಧಾನ ತಿರುಗುವಾಗ ಪಂಪಿಗೆ ಅದನ್ನು ಕೋರ್‌ವರೆಗೆ ತಳ್ಳಲು ಆಗುತ್ತಿರಲಿಲ್ಲ. ಅದಕ್ಕೇ ಸಿಗ್ನಲ್ಲಿನಲ್ಲಿ ತಣ್ಣನೆ ಗಾಳಿ. ತೊಟ್ಟಿಕ್ಕಿದ್ದು ಇಳಿದದ್ದು ಆಕೆಯ ಕಾಲಿನ ಕಡೆಗೆ. ಜಿಡ್ಡು, ವಾಸನೆ, ತಂಪು, ಒದ್ದೆ: ನಾಲ್ಕಕ್ಕೂ ಒಂದೇ ತೂತು. ಈ ದ್ರವ ಸಿಹಿಯಾದರೂ ವಿಷ. ಮಗು ಇರುವ ಕಾರಿನಲ್ಲಿ ಅದನ್ನು ದಿನಾ ಉಸಿರಾಡಿದ್ದೆವಲ್ಲ ಅನ್ನುವುದು ಆಕೆಗೆ ಬಸ್ಸಿನ ಘಟನೆಗಿಂತ ಜಾಸ್ತಿ ಚುಚ್ಚಿತು.

ಮೂರು ದಾರಿ

ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಹಾಕಿದೆವು. ಮೆಕ್ಯಾನಿಕ್ ಕೂಲಿಂಗ್ ವ್ಯವಸ್ಥೆಗೆ ಪಂಪಿನಿಂದ ಗಾಳಿಯ ಒತ್ತಡ ಕೊಟ್ಟು ಕಾದ. ಮುಳ್ಳು ನಿಧಾನ ಇಳಿಯಿತು, ಕಾರ್ಪೆಟ್ಟಿನ ಕಡೆ ಹನಿ ಬಿತ್ತು. ಅನುಮಾನ ಉಳಿಯಲಿಲ್ಲ. ಅವನು ಇನ್ನೊಂದು ವಿಷಯವನ್ನೂ ಹೇಳಿದ. ಉಳಿದಿದ್ದ ಕೂಲೆಂಟ್ ಪರೀಕ್ಷಿಸಿದರೆ ಸುಮಾರು ಎರಡು ಪಾಲು ನೀರು, ಒಂದು ಪಾಲು ಗ್ಲೈಕಾಲ್. ಅದು ಮೈನಸ್ 18ರ ಹತ್ತಿರವೇ ಹರಳುಗಟ್ಟತೊಡಗುತ್ತದೆ. ಟೆಕ್ಸಸ್‌ನಲ್ಲಿ ಯಾರೋ ವರ್ಷಗಟ್ಟಲೆ ಬರೀ ನೀರು ಸೇರಿಸುತ್ತಾ ಬಂದಿರಬೇಕು. ಅರ್ಧಕ್ಕರ್ಧ ಇದ್ದರೆ ಮೈನಸ್ 37ರವರೆಗೂ ತಡೆಯುತ್ತದೆ. ತುಕ್ಕು ತಡೆಯುವ ಅಂಶವೂ ಸವೆದು, ಕೋರ್ ಒಳಗಿನಿಂದಲೇ ಕೊರೆದುಹೋಗಿತ್ತು. ಮೈನಸ್ 24ರ ರಾತ್ರಿ ಬಯಲಲ್ಲಿ ನಿಂತ ಇಂಜಿನ್ ಸೀಳದೆ ಉಳಿದದ್ದು ಅದೃಷ್ಟ.

ಮುಂದಿನ ದಾರಿ ಮೂರು. ಲೀಕ್ ಮುಚ್ಚುವ ದ್ರವ ಸುರಿಯುವುದು ಅಗ್ಗ, ಆದರೆ ತೂತು ಮುಚ್ಚುವ ಪುಡಿ ಕೋರಿನ ಸಣ್ಣ ನಾಳಗಳನ್ನೂ ಕಟ್ಟಿಸಬಹುದು. ಎರಡನೆಯದು ಎರಡು ಹೋಸುಗಳನ್ನು ಒಂದಕ್ಕೊಂದು ಸೇರಿಸಿ ಹೀಟರ್ ಕೋರನ್ನೇ ಬಿಟ್ಟುಬಿಡುವುದು. ಮೂರನೆಯದು ಹೊಸ ಕೋರ್. ಕೋರ್ ದೊಡ್ಡ ಬೆಲೆಯದಲ್ಲ, ಆದರೆ ಅದನ್ನು ಮುಟ್ಟಲು ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕು. ಕೂಲಿ ಸೇರಿ 1,200 ಡಾಲರ್.

ಊರಲ್ಲಿ ಗ್ಯಾರೇಜ್ ಇಟ್ಟಿರುವ ಬಾಮೈದನಿಗೆ ಫೋನ್ ಹೋಯಿತು. "ಭಾವ, ಸುಮ್ನೆ ಯಾಕೆ ದುಡ್ಡು ಸುರೀತೀರ? ಬೈಪಾಸ್ ಮಾಡಿಸಿ ಬಿಡಿ. ಹೀಟರ್ ಯಾರು ಹಾಕ್ತಾರೆ?" ಮಂಡ್ಯದಲ್ಲಿ ಅವನ ಮಾತು ಅಪ್ಪಟ ಸತ್ಯ. ಆದರೆ ಇಲ್ಲಿ ಹೀಟರ್ ಇರುವುದು ಕೈಕಾಲು ಬೆಚ್ಚಗಿಡಲು ಮಾತ್ರ ಅಲ್ಲ. ಬಿಸಿ ಗಾಳಿ ಇಲ್ಲದಿದ್ದರೆ ಮುಂದಿನ ಗಾಜೇ ಇಲ್ಲ. ಗಂಡ ಇನ್ನೂ ಲೆಕ್ಕ ಹಾಕುತ್ತಿದ್ದರು. ಹೆಂಡತಿ ಹೊಸ ಕೋರ್ ಹಾಕಿಸಿ ಅಂತ ಮೆಕ್ಯಾನಿಕ್‌ಗೆ ನೇರವಾಗಿ ಹೇಳಿದರು.

ಮೂರು ದಿನ ಹಿಡಿಯಿತು. ಡ್ಯಾಶ್‌ಬೋರ್ಡ್, ಸೀಟು ಎಲ್ಲ ತೆಗೆದಾಗ ಎಳ್ಳು-ಬೆಲ್ಲದ ಡಬ್ಬಿಯೂ ಸಿಕ್ಕಿತು. ಮುಚ್ಚಳ ಬಿಗಿಯಾಗಿತ್ತು. ಒಂದು ಎಳ್ಳೂ ಚೆಲ್ಲಿರಲಿಲ್ಲ.

ಆಮೇಲೆ

ಹೊಸ ಕೋರ್ ಬಂದ ಮೇಲೂ ಗಾಜು ಒಂದೇ ದಿನಕ್ಕೆ ತಿಳಿಯಾಗಲಿಲ್ಲ. ಗಾಳಿ ಬರುವ ನಾಳದೊಳಗೆ ಉಳಿದ ಜಿಡ್ಡು ಇನ್ನೂ ಎರಡು ವಾರ ಸ್ವಲ್ಪ ಸ್ವಲ್ಪ ಬರುತ್ತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದೆವು. ಮೈಕ್ರೋಫೈಬರ್ ಬಟ್ಟೆಯ ಒಂದು ಮಗ್ಗುಲಿನಿಂದ ಒರೆಸಿ, ಮಡಿಸಿ, ಒಣ ಮಗ್ಗುಲಿನಿಂದ ಮತ್ತೆ ಒರೆಸಬೇಕು. ಅದೇ ಮಗ್ಗುಲಿನಿಂದ ಉಜ್ಜಿದರೆ ಜಿಡ್ಡು ಊರು ಬದಲಿಸುತ್ತದೆ ಅಷ್ಟೇ. ಮೂರು ಸಲ ಮಾಡಿದ ಮೇಲೆ ಬೆರಳು ಗಾಜಿಗೆ ಕಿರ್ ಅಂತ ಸದ್ದು ಮಾಡಿತು. ಕಾರ್ಪೆಟ್ ಎತ್ತಿ ಅಡಿಯ ಸ್ಪಂಜನ್ನೂ ತೊಳೆದು ಒಣಗಿಸಿದರು. ಮಲ್ಲಿಗೆ ಕಾರ್ಡನ್ನು ಆಕೆಯೇ ಕಿತ್ತು ಕಸಕ್ಕೆ ಹಾಕಿದರು.

ನಾನು ಬದಲಿಸಿಕೊಂಡದ್ದು ಸಲಹೆ ಕೊಡುವ ಕ್ರಮ. ಈಗ ಯಾರೇ ಗಾಜು ಮಬ್ಬು ಅಂದರೂ ಬಟನ್ ವಿಷಯ ಆಮೇಲೆ. ಮೊದಲು ಅದು ಗಾಜಿನ ಯಾವ ಕಡೆಗಿದೆ, ಬೆರಳಿಗೆ ಏನು ಸಿಗುತ್ತದೆ, ಹೀಟರ್ ಹಾಕಿದರೆ ಕಡಿಮೆಯಾಗುತ್ತದೋ ಜಾಸ್ತಿಯಾಗುತ್ತದೋ ಕೇಳುತ್ತೇನೆ. ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂರುವವರಿಗೂ ಫೋನ್ ಕೊಡಿ ಅನ್ನುತ್ತೇನೆ. ಹಳೆ ಕಾರು ಕೊಳ್ಳುವವರ ಜೊತೆ ಹೋದರೆ ಸುಡುಬಿಸಿಲಲ್ಲೂ ಹೀಟರ್ ಪೂರ್ತಿ ಹಾಕಿ ಹತ್ತು ನಿಮಿಷ ಬೆವರುತ್ತಾ ಕೂರುತ್ತೇನೆ. ಮಾರುವವರು ವಿಚಿತ್ರವಾಗಿ ನೋಡುತ್ತಾರೆ.

ಮುಂದಿನ ಚಳಿಗಾಲ, ಡಿಸೆಂಬರಿನ ಒಂದು ಬೆಳಗ್ಗೆ ಅವರ ಫೋನ್ ಬಂತು.

"ಅಣ್ಣಾ, ಗ್ಲಾಸ್ ಮತ್ತೆ ಮಬ್ಬು."

"ಒಳಗಾ, ಹೊರಗಾ?"

"ಒಳಗೆ. ಮುಟ್ಟಿ ನೋಡ್ದೆ, ಬರೀ ನೀರು. ವಾಸನೆ ಇಲ್ಲ, ಕೂಲೆಂಟ್ ಗೆರೆ ಸರಿಯಾಗಿದೆ. ಮಗ ನಿನ್ನೆ ಒದ್ದೆ ಸ್ನೋ ಪ್ಯಾಂಟ್ ಹಿಂದಿನ ಸೀಟಲ್ಲೇ ಬಿಟ್ಟಿದ್ದ."

"ಮತ್ತೆ ನನಗ್ಯಾಕೆ ಫೋನ್ ಮಾಡಿದ್ರಿ?"

"ಸುಮ್ನೆ, ಹೇಳೋಣ ಅಂತ."